ಸಣ್ಣ ಮಹಾನಗರ ಪ್ರದೇಶದ ನಿರುದ್ಯೋಗ ದರ: ಎಲ್ಕ್‌ಹಾರ್ಟ್ ಉದಾಹರಣೆಯೊಂದಿಗೆ ಟಿಪ್ಪಣಿ

ಅಮೆರಿಕದ ಅಂಕಿಅಂಶ ಪದ್ಧತಿಯಲ್ಲಿ ಕನಿಷ್ಠ 50,000 ಜನರಿರುವ ನಗರ ಕೇಂದ್ರ ಮತ್ತು ದಿನನಿತ್ಯದ ಕೆಲಸದ ಓಡಾಟದಿಂದ ಅದಕ್ಕೆ ಬೆಸೆದುಕೊಂಡಿರುವ ಕೌಂಟಿಗಳನ್ನು (ನಮ್ಮ ಜಿಲ್ಲೆಯಂಥ ಆಡಳಿತ ಘಟಕಗಳನ್ನು) ಸೇರಿಸಿ ಒಂದು ಮಹಾನಗರ ಪ್ರದೇಶವೆಂದು ಗುರುತಿಸಲಾಗುತ್ತದೆ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್–ಗೋಷೆನ್ ಇವುಗಳಲ್ಲಿ ಚಿಕ್ಕದು: ಒಂದೇ ಕೌಂಟಿ, 2020ರ ಜನಗಣತಿಯಂತೆ ಸುಮಾರು 2 ಲಕ್ಷ 7 ಸಾವಿರ ಜನ. ಪ್ರವಾಸಕ್ಕೂ ವಾಸಕ್ಕೂ ಬಳಸುವ ಆರ್‌ವಿ ವಾಹನಗಳ ತಯಾರಿಕೆಯೇ ಇಲ್ಲಿನ ಮುಖ್ಯ ಉದ್ಯಮವಾಗಿರುವುದರಿಂದ, ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆರ್‌ವಿ ಅವಶ್ಯಕ ವಸ್ತುವಲ್ಲ. ಬಹುತೇಕರು ಅದನ್ನು ಸಾಲ ಮಾಡಿ ಕೊಳ್ಳುತ್ತಾರೆ. 2008ರಲ್ಲಿ ಇಂಧನದ ಬೆಲೆ ಏರಿ, ಅದರ ಹಿಂದೆಯೇ ಸಾಲದ ಮಾರುಕಟ್ಟೆ ಬಿಗಿಯಾದಾಗ ಈ ಉದ್ಯಮಕ್ಕೆ ಎರಡು ಕಡೆಯಿಂದಲೂ ಪೆಟ್ಟು ಬಿತ್ತು. 2009ರ ಮೊದಲರ್ಧದಲ್ಲಿ ನಿರುದ್ಯೋಗ ದರ ಶೇ. 20ರ ಸಮೀಪಕ್ಕೆ ಹೋಯಿತು. ಅಧ್ಯಕ್ಷರಾಗಿ ಕೆಲವೇ ವಾರಗಳಾಗಿದ್ದ ಒಬಾಮ ಆ ಫೆಬ್ರವರಿಯಲ್ಲಿ ಇಲ್ಲಿಗೆ ಬಂದದ್ದೂ ಇದೇ ಕಾರಣಕ್ಕೆ. 2018ರ ಹೊತ್ತಿಗೆ ದರ ಶೇ. 3ಕ್ಕಿಂತ ಕೆಳಗಿತ್ತು. 2020ರ ಏಪ್ರಿಲ್‌ನಲ್ಲಿ ಕಾರ್ಖಾನೆಗಳು ಮುಚ್ಚಿದಾಗ ಅದು ಮತ್ತೆ ಶೇ. 30ರ ಹತ್ತಿರಕ್ಕೆ ಜಿಗಿಯಿತು, ಆದರೆ ಕೆಲವೇ ತಿಂಗಳಲ್ಲಿ ಇಳಿಯಿತು. ಎರಡನೆಯ ಏರಿಕೆ ಮೊದಲನೆಯದಕ್ಕಿಂತ ಎತ್ತರವಾದರೂ ಅದರಷ್ಟು ಆಳವಾದುದಲ್ಲ: 2009ರಲ್ಲಿ ಕೆಲಸಗಳೇ ಇಲ್ಲವಾಗಿದ್ದವು, 2020ರಲ್ಲಿ ಹೆಚ್ಚಿನವರು ವಾಪಸು ಕರೆಯ ನಿರೀಕ್ಷೆಯಲ್ಲಿದ್ದ ತಾತ್ಕಾಲಿಕ ನಿರುದ್ಯೋಗಿಗಳು. ಇಂಥವರು ಬೇರೆ ಕೆಲಸ ಹುಡುಕದಿದ್ದರೂ ನಿರುದ್ಯೋಗಿಗಳೆಂದೇ ಎಣಿಕೆಯಾಗುತ್ತಾರೆ.

ಸಣ್ಣ ಪ್ರದೇಶದಲ್ಲಿ ದರ ಇಷ್ಟು ಹೊಯ್ದಾಡುವುದೇಕೆ? ಲೆಕ್ಕಕ್ಕಾಗಿ ಒಂದು ಕಲ್ಪಿತ ಪ್ರದೇಶವನ್ನು ತೆಗೆದುಕೊಳ್ಳೋಣ. ಅಲ್ಲಿನ ಶ್ರಮಶಕ್ತಿ, ಅಂದರೆ ಕೆಲಸದಲ್ಲಿರುವವರು ಮತ್ತು ಕೆಲಸ ಹುಡುಕುತ್ತಿರುವವರ ಒಟ್ಟು ಸಂಖ್ಯೆ, 60,000, ನಿರುದ್ಯೋಗಿಗಳು 3,000, ದರ ಶೇ. 5. ಒಂದು ಕಾರ್ಖಾನೆ 1,200 ಜನರನ್ನು ಬಿಟ್ಟರೆ ದರ ಶೇ. 7 ಆಗುತ್ತದೆ. ಹತ್ತು ಲಕ್ಷ ಶ್ರಮಶಕ್ತಿಯ ನಗರದಲ್ಲಿ ಅಷ್ಟೇ ಜನ ಕೆಲಸ ಕಳೆದುಕೊಂಡರೆ ದರ ಏರುವುದು ಕೇವಲ 0.12 ಶೇಕಡಾ ಅಂಶ. ಇನ್ನು, ಮೊದಲಿನ ಸಣ್ಣ ಪ್ರದೇಶದ 4,200 ನಿರುದ್ಯೋಗಿಗಳಲ್ಲಿ 1,200 ಜನ ಊರು ಬಿಟ್ಟರೆಂದೋ ಹುಡುಕಾಟ ಕೈಬಿಟ್ಟರೆಂದೋ ಭಾವಿಸಿ. ಆಗ 58,800ಕ್ಕೆ 3,000 ನಿರುದ್ಯೋಗಿಗಳು ಉಳಿದು, ದರ ಶೇ. 5.1ಕ್ಕೆ ಮರಳುತ್ತದೆ, ಒಬ್ಬರಿಗೂ ಹೊಸ ಕೆಲಸ ಸಿಕ್ಕಿರುವುದಿಲ್ಲ. ಪರೀಕ್ಷೆಯಲ್ಲಿ ದರದ ಇಳಿಕೆಯನ್ನು ವಿವರಿಸಲು ಕೇಳಿದಾಗ ಮೊದಲು ಶ್ರಮಶಕ್ತಿಯ ಅಂಕಿ ನೋಡಬೇಕಾದುದು ಇದಕ್ಕಾಗಿಯೇ.

ಋತುಮಾನದ ಏರಿಳಿತವನ್ನೂ ಬೇರ್ಪಡಿಸಬೇಕು. ನ್ಯೂಜೆರ್ಸಿಯ ಓಷನ್ ಸಿಟಿಯಂಥ ಕಡಲತೀರದ ಪ್ರವಾಸಿ ಪ್ರದೇಶದಲ್ಲಿ ದರ ಚಳಿಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುವುದು ಪ್ರತಿವರ್ಷದ ಕ್ರಮ. ಋತುಹೊಂದಾಣಿಕೆ ಮಾಡದ ಅಂಕಿಗಳಲ್ಲಿ ಜನವರಿಯನ್ನು ಹಿಂದಿನ ಜುಲೈನೊಂದಿಗೆ ಹೋಲಿಸುವುದು ವ್ಯರ್ಥ. ಹಿಂದಿನ ವರ್ಷದ ಜನವರಿಯೊಂದಿಗೆ ಹೋಲಿಸಬೇಕು.

ಪಠ್ಯಪುಸ್ತಕಗಳು ಅಷ್ಟಾಗಿ ಒತ್ತಿಹೇಳದ ಎರಡು ಸಂಗತಿಗಳಿವೆ. ನಿರುದ್ಯೋಗ ದರ ಜನರು ವಾಸಿಸುವ ಸ್ಥಳವನ್ನು ಆಧರಿಸಿದೆ; ಸಂಸ್ಥೆಗಳ ಸಮೀಕ್ಷೆಯಿಂದ ಬರುವ ಉದ್ಯೋಗಗಳ ಸಂಖ್ಯೆ ಕೆಲಸದ ಸ್ಥಳವನ್ನು ಆಧರಿಸಿದೆ. ನೆರೆಯ ಕೌಂಟಿಯಿಂದ ಎಲ್ಕ್‌ಹಾರ್ಟ್‌ಗೆ ಬಂದು ದುಡಿಯುವವರು ಕೆಲಸ ಕಳೆದುಕೊಂಡರೆ ಉದ್ಯೋಗದ ನಷ್ಟ ಇಲ್ಲಿ, ನಿರುದ್ಯೋಗ ಅಲ್ಲಿ ದಾಖಲಾಗುತ್ತದೆ. ಇನ್ನೊಂದು, ನಿರುದ್ಯೋಗ ದರಕ್ಕಾಗಿ ಮನೆಗಳಲ್ಲಿ ನಡೆಸುವ ಸಮೀಕ್ಷೆಯ ವಾರದಲ್ಲಿ ಸಂಬಳಕ್ಕಾಗಿ ಒಂದು ಗಂಟೆ ದುಡಿದವರೂ ಉದ್ಯೋಗಸ್ಥರೇ. ಬೇಡಿಕೆ ಕುಗ್ಗಿದಾಗ ಕಾರ್ಖಾನೆಯೊಂದು ಜನರನ್ನು ತೆಗೆಯದೆ ವಾರದ ಕೆಲಸವನ್ನು ಮೂರು ದಿನಕ್ಕೆ ಇಳಿಸಿದರೆ ಮನೆಯ ಆದಾಯ ಕುಸಿಯುತ್ತದೆ, ದರ ಮಾತ್ರ ಅಲ್ಲಾಡುವುದಿಲ್ಲ. ಆ ಕುಸಿತವನ್ನು ವಾರದ ಸರಾಸರಿ ದುಡಿಮೆಯ ಗಂಟೆಗಳಲ್ಲಿ ಹುಡುಕಬೇಕಾಗುತ್ತದೆ.