ಐಇಎಲ್‌ಟಿಎಸ್‌ಗೆ ದಿನಕ್ಕೆ 50 ಪದ ಬಾಯಿಪಾಠ ಮಾಡಬೇಕಾ?

ಪ್ರಶ್ನೆ: ಮೇಡಂ, ಐಇಎಲ್‌ಟಿಎಸ್ (ಓದಲು, ಕೆಲಸಕ್ಕೆ ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ) ರೈಟಿಂಗ್‌ನಲ್ಲಿ ಎರಡು ಸಲವೂ ಬ್ಯಾಂಡ್, ಅಂದರೆ ಸ್ಕೋರ್, 6 ಬಂತು. ನನಗೆ 7 ಬೇಕು. ವೊಕ್ಯಾಬುಲರಿ ಸಾಲದು ಅಂತ ಎಲ್ಲರೂ ಹೇಳ್ತಾರೆ. ದಿನಕ್ಕೆ 50 ಕಷ್ಟದ ಪದ ಬಾಯಿಪಾಠ ಮಾಡಿದರೆ ಆಗುತ್ತಾ?

ಆಗಲ್ಲ. ಈ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಪ್ರತಿ ಸಲವೂ ಅದರಲ್ಲಿ 'ಕಷ್ಟದ' ಅನ್ನೋ ಪದ ಇದ್ದೇ ಇರುತ್ತದೆ. ಎಡವಟ್ಟು ಇರುವುದು ಆ ಪದದಲ್ಲೇ. ದೊಡ್ಡ ಪದ ಹಾಕಿದರೆ ದೊಡ್ಡ ಬ್ಯಾಂಡ್ ಬರುತ್ತದೆ ಅನ್ನೋ ನಂಬಿಕೆಯನ್ನು ಬಿಡಿಸೋದಕ್ಕೆ ನನಗೆ ಸಾಕುಸಾಕಾಗಿದೆ.

ಮೊನ್ನೆ ಹಾವೇರಿ ಕಡೆಯ ಹುಡುಗಿಯೊಬ್ಬಳು ತನ್ನ ಪ್ರಬಂಧ ತಂದಿದ್ದಳು. ನರ್ಸಿಂಗ್ ಮುಗಿಸಿದವಳು, ಕಷ್ಟಪಟ್ಟು ಓದುವವಳು. ಮೊದಲು ಪೆನ್ಸಿಲ್‌ನಲ್ಲಿ 'ಮೆನಿ ಚಿಲ್ಡ್ರನ್ ಗೋ ಟು ಸ್ಕೂಲ್' ಅಂತ ಬರೆದಿದ್ದಳು. ಚೆನ್ನಾಗಿತ್ತು. ಆಮೇಲೆ 'ಮೆನಿ' ಮೇಲೆ ಗೀಟು ಎಳೆದು, ನೀಲಿ ಪೆನ್ನಿನಲ್ಲಿ 'ಎ ಪ್ಲೆಥೊರಾ ಆಫ್' ಅಂತ ತಿದ್ದಿದ್ದಳು. 'ಪ್ಲೆಥೊರಾ' ಅಂದರೆ ಬರೀ 'ತುಂಬಾ' ಅಲ್ಲ. 'ಬೇಕಾದ್ದಕ್ಕಿಂತ ಜಾಸ್ತಿ' ಅನ್ನೋ ಛಾಯೆ ಅದಕ್ಕಿದೆ. ಈಗ ಆ ವಾಕ್ಯ ಓದಿದರೆ, ಮಕ್ಕಳು ಶಾಲೆಗೆ ಹೋಗುತ್ತಿರುವುದೇ ಅತಿಯಾಯಿತು ಅನ್ನಿಸುತ್ತದೆ. ಸರಿಯಿದ್ದ ವಾಕ್ಯವನ್ನು ಅವಳು ಕೈಯಾರೆ ಕೆಡಿಸಿದ್ದಳು. ಅದೇ ಹಾಳೆಯಲ್ಲಿ ನಾಲ್ಕು ಕಡೆ 'ಯೂಸ್' ಹೋಗಿ 'ಯುಟಿಲೈಜ್' ಬಂದಿತ್ತು. ಪಕ್ಕದ ಮನೆಯವರು ಬಂದು 'ನಿಮ್ಮ ಗೃಹದಲ್ಲಿ ಜಲವಿದೆಯೇ' ಅಂತ ಕೇಳಿದರೆ ಅವರ ಕನ್ನಡ ಚೆನ್ನಾಗಿದೆ ಅನ್ನುತ್ತೀರಾ? ಇಂಗ್ಲಿಷ್ ಓದುವವರಿಗೂ ಕಿವಿ ಇದೆ.

ಈ ನಂಬಿಕೆ ಎಲ್ಲಿಂದ ಬಂತು ಅಂತಲೂ ಹೇಳಿಬಿಡುತ್ತೇನೆ. ಪರೀಕ್ಷೆಯವರು ಕೊಡುವ ಬ್ಯಾಂಡ್ 7ರ ವಿವರಣೆಯಲ್ಲಿ 'ಲೆಸ್ ಕಾಮನ್' ಪದಗಳು ಅಂತ ಇದೆ. ಅದನ್ನು ನಮ್ಮವರು 'ಯಾರೂ ಕೇಳಿರದ ಪದ' ಅಂತ ಓದಿಕೊಳ್ಳುತ್ತಾರೆ. ಅದರ ಜೊತೆಗೇ ಶೈಲಿಯ ಅರಿವು, ಕೊಲೊಕೇಶನ್ (ಯಾವ ಪದದ ಜೊತೆ ಯಾವ ಪದ ಹೊಂದುತ್ತದೆ ಅನ್ನೋದು) ಅರಿವು ಇರಬೇಕು ಅಂತ ಇರೋದನ್ನು ಬಿಟ್ಟೇಬಿಡುತ್ತಾರೆ. 'ಲೆಸ್ ಕಾಮನ್' ಅಂದರೆ ವಿಷಯಕ್ಕೆ ಕರಾರುವಾಕ್ಕಾಗಿ ಕೂರುವ ಪದ. ಬೆಂಗಳೂರಿನ ಸಿಲ್ಕ್ ಬೋರ್ಡ್ ಬಗ್ಗೆ ಬರೆಯುವಾಗ 'ಟೂ ಮೆನಿ ವೆಹಿಕಲ್ಸ್' ಅನ್ನೋ ಬದಲು 'ಕಂಜೆಶನ್' ಅನ್ನಿ. ದಿನಾ ಆಫೀಸಿಗೆ ಹೋಗಿಬರುವುದಕ್ಕೆ 'ಕಮ್ಯೂಟ್' ಅನ್ನಿ. ಇಷ್ಟೇ.

ಇನ್ನೊಂದು ಲೆಕ್ಕ ಇದೆ. ರೈಟಿಂಗ್‌ನಲ್ಲಿ ಅಳೆಯೋದು ನಾಲ್ಕು ವಿಷಯ: ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀರಾ, ಮಾತಿಗೆ ಮಾತು ಹೊಂದುತ್ತದಾ, ಪದಗಳು ಹೇಗಿವೆ, ವ್ಯಾಕರಣ ಹೇಗಿದೆ. ನಾಲ್ಕಕ್ಕೂ ಸಮಪಾಲು. ಪದಗಳದ್ದು ಕಾಲು ಭಾಗ ಮಾತ್ರ. ಆ ಕಾಲು ಭಾಗದ ಆಸೆಗೆ ಅರ್ಥ ಕೆಟ್ಟರೆ ಉಳಿದ ಮುಕ್ಕಾಲಿಗೂ ಪೆಟ್ಟು ಬೀಳುತ್ತದೆ.

ಹಾಗಾದರೆ ಏನು ಕಲಿಯಬೇಕು? 2000ದಲ್ಲಿ ನ್ಯೂಜಿಲೆಂಡ್‌ನ ಭಾಷಾತಜ್ಞೆ ಏವ್ರಿಲ್ ಕಾಕ್ಸ್‌ಹೆಡ್ ಅವರು ಅಕಾಡೆಮಿಕ್ ವರ್ಡ್ ಲಿಸ್ಟ್, ಅಂದರೆ ಕಾಲೇಜು ಓದಿನ ಬರಹಗಳಲ್ಲಿ ಪದೇ ಪದೇ ಬರುವ ಪದಗಳ ಪಟ್ಟಿ, ಪ್ರಕಟಿಸಿದರು. ಕಲೆ, ವಾಣಿಜ್ಯ, ಕಾನೂನು, ವಿಜ್ಞಾನದ ಬರಹಗಳಿಂದ ಸುಮಾರು 35 ಲಕ್ಷ ಪದ ಜರಡಿ ಹಿಡಿದು 570 ಪದ ಕುಟುಂಬ ಆರಿಸಿದರು. 'ಅನಲೈಜ್', 'ಅನಾಲಿಸಿಸ್', 'ಅನಲಿಟಿಕಲ್' ಎಲ್ಲಾ ಸೇರಿ ಒಂದು ಕುಟುಂಬ. ಅಕಾಡೆಮಿಕ್ ಬರಹದಲ್ಲಿ ಈ ಪಟ್ಟಿಯ ಪಾಲು ಸುಮಾರು 10 ಪರ್ಸೆಂಟ್. ಮುಕ್ಕಾಲು ಪಾಲು ಬರೋದು ದಿನಬಳಕೆಯ 2000 ಪದಗಳಿಂದಲೇ! ಪಟ್ಟಿಯ ಮೊದಲ ಭಾಗ ತೆಗೆದು ನೋಡಿ. 'ಫ್ಯಾಕ್ಟರ್', 'ಬೆನಿಫಿಟ್', 'ಸಿಗ್ನಿಫಿಕೆಂಟ್', 'ಪಾಲಿಸಿ', 'ಇನ್ಕಮ್'. ಎಲ್ಲಾ ಪೇಪರಿನಲ್ಲಿ ನೋಡಿದ ಮುಖಗಳೇ ಅಲ್ವಾ? ದಿನಕ್ಕೆ 10 ಕುಟುಂಬ ಹಿಡಿದರೆ ಎರಡು ತಿಂಗಳೊಳಗೆ ಒಂದು ಸುತ್ತು ಮುಗಿಯುತ್ತದೆ.

ಆದರೆ ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ನಮಗೆ ಕನ್ನಡದಲ್ಲಿ ಜೋರು ಮಳೆ, ಜೋರು ಗಾಳಿ, ಎರಡೂ ನಡೆಯುತ್ತದೆ. ಇಂಗ್ಲಿಷ್‌ನಲ್ಲಿ ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್'. ನಮ್ಮ 'ಮಾಡು' ಎಲ್ಲದಕ್ಕೂ ಆಗುತ್ತದೆ: ಸಂಶೋಧನೆ ಮಾಡು, ನಿರ್ಧಾರ ಮಾಡು. ಅಲ್ಲಿ 'ಕಂಡಕ್ಟ್ ರಿಸರ್ಚ್', 'ಮೇಕ್ ಎ ಡಿಸಿಷನ್'. 'ಬಗ್ಗೆ ಚರ್ಚಿಸು' ಅನ್ನೋ ನಮ್ಮ ರೂಢಿಯಿಂದ 'ಡಿಸ್ಕಸ್ ಅಬೌಟ್' ಹುಟ್ಟುತ್ತದೆ. ಅಲ್ಲಿ 'ಅಬೌಟ್' ಬೇಡ. ಅದಕ್ಕೇ ನೋಟ್‌ಬುಕ್ಕಿನಲ್ಲಿ 'ರಿಸರ್ಚ್ = ಸಂಶೋಧನೆ' ಅಂತ ಬರೆದು ಬಿಡಬೇಡಿ. ಹಿಂದೆ ಬರುವ ಪದ, ಮುಂದೆ ಬರುವ ಪದ, ನೀವೇ ಕಟ್ಟಿದ ಒಂದು ವಾಕ್ಯ, ಮೂರೂ ಇರಲಿ. ಮೂರು ದಿನ ಬಿಟ್ಟು ಪುಟ ಮುಚ್ಚಿಕೊಂಡು ಮತ್ತೆ ಬರೆದು ನೋಡಿ. ಬರಲಿಲ್ಲ ಅಂದರೆ ಆ ಪದ ಇನ್ನೂ ನಿಮ್ಮದಾಗಿಲ್ಲ.

ನೀವು ಕೇಳಿಲ್ಲ, ಆದರೂ ಹೇಳದೆ ಮುಗಿಸಲಾರೆ. 'ನಾನು ಕನ್ನಡ ಮೀಡಿಯಂ ಮೇಡಂ' ಅಂತ ತಲೆ ತಗ್ಗಿಸಿ ಹೇಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಕಾಡೆಮಿಕ್ ಇಂಗ್ಲಿಷ್‌ನ ಗುಟ್ಟು ನಿಮಗೆ ಆಗಲೇ ಗೊತ್ತು. ಮನೆಯಲ್ಲಿ ಹಲ್ಲು ನೋವು, ಬೋರ್ಡಿನ ಮೇಲೆ ದಂತ ಚಿಕಿತ್ಸಾಲಯ. ಕೊಡದಲ್ಲಿ ನೀರು, ಪಾಠದಲ್ಲಿ ಜಲಚರ. ದಿನದ ಮಾತಿಗೆ ಅಚ್ಚಗನ್ನಡ, ಶಾಸ್ತ್ರದ ಮಾತಿಗೆ ಸಂಸ್ಕೃತದಿಂದ ಬಂದ ಪದ. ಇಂಗ್ಲಿಷ್‌ನಲ್ಲೂ ಇದೇ ಎರಡು ಪದರ. ಹಲ್ಲು 'ಟೂತ್', ದಂತ 'ಡೆಂಟಲ್'. ನೀರು 'ವಾಟರ್', ಜಲಚರಕ್ಕೆ 'ಅಕ್ವಾಟಿಕ್'. ಅಲ್ಲಿ ಮೇಲಿನ ಪದರ ಹೆಚ್ಚಾಗಿ ಲ್ಯಾಟಿನ್, ಗ್ರೀಕ್‌ನಿಂದ ಬಂದದ್ದು, ಅಷ್ಟೇ ವ್ಯತ್ಯಾಸ. ಎಲ್ಲಿ ಹಲ್ಲು, ಎಲ್ಲಿ ದಂತ ಅನ್ನೋದನ್ನು ಪ್ರೈಮರಿಯಲ್ಲೇ ಕಲಿತವರು ನೀವು. ಆ ಹಾವೇರಿ ಹುಡುಗಿಗೆ ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ ನೀಲಿ ಪೆನ್ನಿನಲ್ಲೇ 'ಪ್ಲೆಥೊರಾ' ಹೊಡೆದು ಹಾಕಿ, ಮೇಲೆ ಮತ್ತೆ 'ಮೆನಿ' ಅಂತ ಬರೆದಳು.