ಶಾಲಾಪೂರ್ವ ಶಿಕ್ಷಣ: ಶಾಲೆಗೂ ಮೊದಲು ಮಗುವಿಗೆ ಬೇಕಾದದ್ದು

‘ಶಾಲಾಪೂರ್ವ ಶಿಕ್ಷಣ’ ಎಂದರೆ ಒಂದನೇ ಕ್ಲಾಸಿನ ಪಾಠವನ್ನು ಎರಡು ವರ್ಷ ಮೊದಲೇ ಶುರುಮಾಡುವುದು ಎಂದು ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. 3ರಿಂದ 6 ವರ್ಷದ ಮಗುವಿಗೆ ಆ ವಯಸ್ಸಿನಲ್ಲಿ ಏನು ಬೇಕೋ ಅದನ್ನು ಕೊಡುವುದೇ ಈ ಮಾತಿನ ಅರ್ಥ. ಓಡಾಟ, ಮಾತು, ಕತೆ, ಜೊತೆಯ ಮಕ್ಕಳೊಡನೆ ಜಗಳ, ಮತ್ತೆ ರಾಜಿ. ಎಲ್ಲವೂ ಇದರಲ್ಲಿ ಸೇರುತ್ತವೆ.

ಬರವಣಿಗೆಯನ್ನೇ ನೋಡಿ. ಮೂರೂವರೆ ವರ್ಷದ ಮಗುವಿನ ಮಣಿಕಟ್ಟಿನ ಮೂಳೆಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಬೆರಳಿಗೆ ಹಿಡಿತ ಬಂದಿರುವುದಿಲ್ಲ. ಆ ಕೈಗೆ ಪೆನ್ಸಿಲ್ ಕೊಟ್ಟು ಒಂದು ಪುಟ ‘ಅ’ ಬರೆಸಿದರೆ ಕೈ ನೋಯುತ್ತದೆ, ಅಷ್ಟೇ. ಅದೇ ಮಗು ಹಿಟ್ಟು ನಾದಲಿ, ಮಣಿ ಪೋಣಿಸಲಿ, ದೊಡ್ಡವರ ಕಣ್ಣೆದುರು ಕೂತು ಹುಣಸೆ ಬೀಜ, ಅವರೆಕಾಳು ಬೇರೆ ಮಾಡಲಿ. ಬೆರಳು ಪಳಗುತ್ತದೆ. ‘ಇದು ದೊಡ್ಡದು, ಅದು ಚಿಕ್ಕದು, ನನ್ನ ಹತ್ರ ಜಾಸ್ತಿ ಇದೆ’ ಎನ್ನುತ್ತದೆ. ಲೆಕ್ಕ ಶುರುವಾಗುವುದೇ ಅಲ್ಲಿ. ಅದು ಸುಮ್ನೆ ಆಟ ಅಲ್ಲ.

ಹೆಸರುಗಳಲ್ಲೂ ಈ ತಿಳಿವಳಿಕೆ ಇದೆ. ಜರ್ಮನಿಯ ಶಿಕ್ಷಣತಜ್ಞ ಫ್ರೀಡ್ರಿಕ್ ಫ್ರೋಬೆಲ್ 1840ರಲ್ಲಿ ತನ್ನ ಕೇಂದ್ರವನ್ನು ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ ಎಂದು ಕರೆದ. ನಮ್ಮ ಎಲ್‌ಕೆಜಿಯ ‘ಕೆಜಿ’ ಅದೇ. ‘ಅಂಗನವಾಡಿ’ಯ ಒಳಗೆ ಅಂಗಳವಿದೆ, ಅಲ್ವಾ?

ಅಂಗನವಾಡಿಯ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ರಾಜ್ಯದ ಅಂಗನವಾಡಿಗಳಲ್ಲಿ ಕಲಿಕೆಗೆಂದೇ ‘ಚಿಲಿಪಿಲಿ’ ಎಂಬ ಪಠ್ಯಕ್ರಮವಿದೆ, ಪೂರ್ತಿ ಹಾಡು, ಕತೆ, ಚಟುವಟಿಕೆ. ಆದರೆ ಅದನ್ನು ನಡೆಸಬೇಕಾದ ಟೀಚರೇ ಮಕ್ಕಳ ತೂಕ ನೋಡಬೇಕು, ಬಾಣಂತಿಯರ ಮನೆಗೆ ಹೋಗಬೇಕು, ಮೊಬೈಲಿನಲ್ಲಿ ಲೆಕ್ಕ ತುಂಬಬೇಕು. ಕತೆ ಹೇಳಲು ಉಳಿಯುವ ಹೊತ್ತು ಎಷ್ಟು? ಇದು ಅವರ ತಪ್ಪಲ್ಲ. ಅವರಿಗೆ ಹೊತ್ತು ಮಾಡಿಕೊಡದವರ ತಪ್ಪು.

ಖಾಸಗಿ ನರ್ಸರಿಗಳಲ್ಲಿ ತೊಂದರೆ ಬೇರೆ. ಅಲ್ಲಿ ಹೋಮ್‌ವರ್ಕ್ ಕೇಳುವವರು ಹೆಚ್ಚಾಗಿ ನಾವೇ, ಅಪ್ಪ ಅಮ್ಮಂದಿರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಹಂತವೆಂದು ಹಿಡಿದು, ಆಟದ ಮೂಲಕವೇ ಕಲಿಸಿ ಎಂದಿದೆ.

ಮಗುವನ್ನು ಸೇರಿಸುವ ಮೊದಲು ಬಾಗಿಲ ಹೊರಗೆ ಹತ್ತು ನಿಮಿಷ ನಿಲ್ಲಿ. ಜಾಸ್ತಿ ಕೇಳಿಸುವುದು ಮಕ್ಕಳ ದನಿಯೋ, ಟೀಚರ್ ದನಿಯೋ? ಅಳುವ ಮಗುವನ್ನು ಯಾರಾದರೂ ಎತ್ತಿಕೊಳ್ಳುತ್ತಾರೋ? ಫೀಸು ಕೇಳುವುದು ಆಮೇಲಾಗಲಿ.