ಓದುಗರ ಪ್ರಶ್ನೆ: ಬ್ಯಾಪ್ಟಿಸ್ಟರು ಪ್ರೊಟೆಸ್ಟೆಂಟರಲ್ವಾ?

ಪ್ರಶ್ನೆ: ಬ್ಯಾಪ್ಟಿಸ್ಟ್ ಸಭೆಯನ್ನು ಶುರು ಮಾಡಿದ್ದು ಸ್ನಾನಿಕನಾದ ಯೋಹಾನನೇ ಅಂತಾರೆ. ಹಾಗಾದರೆ ಅವರು ಪ್ರೊಟೆಸ್ಟೆಂಟರಲ್ಲ, ಬೇರೆಯೇ ಪಂಗಡ ಅಲ್ವಾ?

ಉತ್ತರ: ಅಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವೇ ಇಲ್ಲ. ಈ ಸಲ ಬುಡದಿಂದಲೇ ಬಿಡಿಸಿ ಹೇಳುತ್ತೇನೆ.

ಯೇಸುವಿಗೆ ದೀಕ್ಷಾಸ್ನಾನ, ಅಂದರೆ ನೀರಿನ ಸಂಸ್ಕಾರ, ಕೊಟ್ಟ ಯೋಹಾನನಿಗೆ ಇಂಗ್ಲಿಷಿನಲ್ಲಿ ಜಾನ್ ದ ಬ್ಯಾಪ್ಟಿಸ್ಟ್ ಅಂತಾರೆ. ಹೆಸರು ಒಂದೇ ಥರ ಇದೆ ಅಂತ ಸುಮ್ನೆ ನಂಟು ಕಟ್ಟಬೇಡಿ. ಬ್ಯಾಪ್ಟಿಸ್ಟರ ಮೊದಲ ಸಭೆ ಶುರುವಾದ 1609ರ ಆಮ್‌ಸ್ಟರ್‌ಡ್ಯಾಮ್ ನೋಡಿ. ಜಾನ್ ಸ್ಮಿತ್ ಮೊದಲು ಇಂಗ್ಲೆಂಡಿನಲ್ಲಿ ಆಂಗ್ಲಿಕನ್, ಅಂದರೆ ಅಲ್ಲಿನ ಪ್ರೊಟೆಸ್ಟೆಂಟ್ ಸರ್ಕಾರಿ ಚರ್ಚಿನ, ಪಾದ್ರಿಯಾಗಿದ್ದವರು. ಸರ್ಕಾರಿ ಚರ್ಚು ಬಿಟ್ಟ ಮೇಲೆ ತಮ್ಮ ಜನರನ್ನು ಕರೆದುಕೊಂಡು ಅಲ್ಲಿಗೆ ಬಂದಿದ್ದರು. ಬೈಬಲ್ ಓದುತ್ತಾ ಅವರಿಗೆ ಒಂದು ವಿಷಯ ಖಚಿತವಾಯಿತು: ನಂಬಿಕೆ ಅಂದರೇನು ಅಂತ ತಿಳಿಯದ ಕೂಸಿಗೆ ಕೊಟ್ಟದ್ದು ದೀಕ್ಷಾಸ್ನಾನವೇ ಅಲ್ಲ. ಸರಿ, ಈಗ ತಮಗೆ ಕೊಡುವವರು ಯಾರು? ಸ್ಮಿತ್ ತಮ್ಮ ತಲೆಗೆ ತಾವೇ ನೀರು ಹಾಕಿಕೊಂಡರು. ಆಮೇಲೆ ಜೊತೆಗಾರ ಥಾಮಸ್ ಹೆಲ್ವಿಸ್ ಮತ್ತು ಉಳಿದವರಿಗೆ ಹಾಕಿದರು. ಯೋಹಾನನಿಂದ ಕೈಯಿಂದ ಕೈಗೆ ಬಂದ ಪರಂಪರೆ ಇದ್ದಿದ್ದರೆ ಅವರಿಗೆ ಈ ಪಾಡು ಯಾಕೆ ಬರುತ್ತಿತ್ತು? ಅವತ್ತು ಅವರು ಯಾರನ್ನೂ ಮುಳುಗಿಸಲೂ ಇಲ್ಲ, ನೀರು ಸುರಿದರು ಅಷ್ಟೆ. ಮುಳುಗಿಸಲೇಬೇಕು ಅನ್ನುವುದು ಇಂಗ್ಲೆಂಡಿನ ಬ್ಯಾಪ್ಟಿಸ್ಟರಲ್ಲಿ ಗಟ್ಟಿಯಾದದ್ದು 1640ರ ದಶಕದಲ್ಲಿ.

ಇತಿಹಾಸ ಬೇಡ, ಬೈಬಲ್ ಸಾಕು ಅನ್ನುವವರು ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯ ತೆರೆಯಿರಿ. ಎಫೆಸದಲ್ಲಿ ಪೌಲನಿಗೆ ಸಿಕ್ಕ ಸುಮಾರು ಹನ್ನೆರಡು ಮಂದಿಗೆ ಆಗಿದ್ದದ್ದು ಯೋಹಾನನ ದೀಕ್ಷಾಸ್ನಾನ. ಪೌಲನ ಮಾತು ಕೇಳಿದ ಮೇಲೆ ಅವರು ಯೇಸುವಿನ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡರು. ಯೋಹಾನನದ್ದೇ ಸಾಕಾಗಿದ್ದರೆ ಇದು ಬೇಕಿತ್ತಾ?

ಪ್ರೊಟೆಸ್ಟೆಂಟ್ ಚರ್ಚಿನಿಂದಲೇ ಹೊರಬಂದವರಾದ್ದರಿಂದ ಬ್ಯಾಪ್ಟಿಸ್ಟರು ಪ್ರೊಟೆಸ್ಟೆಂಟರೇ. ಪ್ರತಿಯೊಂದು ಸಭೆ ತನ್ನ ತೀರ್ಮಾನ ತಾನೇ ಮಾಡಿಕೊಳ್ಳುತ್ತದೆ, ಮೇಲಿನಿಂದ ಆಳುವ ಬಿಷಪ್ ಸಾಮಾನ್ಯವಾಗಿ ಇರುವುದಿಲ್ಲ. ಹಾಗಂತ ಅವರ ದೇವರು ಬೇರೆ ಅಲ್ಲ. 1905ರಲ್ಲಿ ಲಂಡನ್ನಿನಲ್ಲಿ ಅವರ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಅಧ್ಯಕ್ಷರಾಗಿದ್ದ ಅಲೆಕ್ಸಾಂಡರ್ ಮೆಕ್ಲಾರೆನ್ ಎಲ್ಲರನ್ನೂ ಎದ್ದು ನಿಲ್ಲಿಸಿ ಅಪೊಸ್ತಲರ ವಿಶ್ವಾಸಪ್ರಮಾಣ, ಅಂದರೆ ಕ್ರೈಸ್ತ ನಂಬಿಕೆಯ ಸಾರ ಹೇಳುವ ಹಳೆಯ ಪಾಠ, ಹೇಳಿಸಿದರು. ಅದೇ ಪ್ರಮಾಣವನ್ನು ಕಥೋಲಿಕರೂ ಹೇಳುತ್ತಾರೆ, ದಕ್ಷಿಣ ಭಾರತದ ಸಭೆ, ಅಂದರೆ ಸಿಎಸ್‌ಐನವರೂ ಹೇಳುತ್ತಾರೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು. 1947ರಲ್ಲಿ ಸಿಎಸ್‌ಐ ಆದಾಗ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಒಂದಾದವು. ಬ್ಯಾಪ್ಟಿಸ್ಟರು ಅದರಲ್ಲಿ ಇರಲಿಲ್ಲ. 1970ರಲ್ಲಿ ನಾಗಪುರದಲ್ಲಿ ಉತ್ತರ ಭಾರತದ ಸಭೆ, ಅಂದರೆ ಸಿಎನ್‌ಐ ಆದಾಗ, ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿಯವರ ಮಿಷನ್ನಿಗೆ ಸೇರಿದ ಹಲವು ಸಭೆಗಳು ಒಳಗೆ ಬಂದವು. ಬಂಗಾಳದ ಸೆರಾಂಪುರದಲ್ಲಿ 1817ರಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ ಕೇರಿಯವರೇ ಇವರು. ಈಶಾನ್ಯದ ಬ್ಯಾಪ್ಟಿಸ್ಟರು ಮಾತ್ರ ಹೊರಗೇ ಉಳಿದರು. ಕೂಸಿನ ದೀಕ್ಷಾಸ್ನಾನದ ಜಗಳ ಏನಾಯಿತು ಅಂತೀರಾ? ಸಿಎನ್‌ಐ ಎರಡಕ್ಕೂ ಒಪ್ಪಿತು. ಒಂದು ಮನೆಯವರು ಕೂಸಿಗೇ ಮಾಡಿಸಬಹುದು. ಅವರ ಪಕ್ಕದ ಬೆಂಚಿನವರು ಕೂಸಿಗಾಗಿ ಪ್ರಾರ್ಥನೆ ಮಾಡಿಸಿ, ಅದು ಬೆಳೆದು ತಾನೇ ಬಾಯಿಬಿಟ್ಟು ಕೇಳುವವರೆಗೆ ಕಾಯಬಹುದು.